ನಿಲ್ಲಿಸ್ಬೇಡ್ರೋ, ಮುಂದಕ್ಕೆ ಹೋಗ್ಲಿ

ಮೊದಲೇ ಹೇಳಿಬಿಡ್ತೀವಿ. ಈ ಬರಹದಲ್ಲಿ 'ಗೇಮ್ ಆಫ್ ಥ್ರೋನ್ಸ್' ಕಥೆಯ ಗುಟ್ಟುಗಳೆಲ್ಲ ಹೊರಗೆ ಬರ್ತವೆ. ಇನ್ನೂ ನೋಡಿಲ್ಲ, ನೋಡೋ ಆಸೆ ಇದೆ ಅನ್ನೋರು ಇಲ್ಲಿಗೇ ನಿಲ್ಲಿಸಿ, ನೋಡ್ಕೊಂಡು ಆಮೇಲೆ ಬನ್ನಿ. ಒಟ್ಟು 73 ಎಪಿಸೋಡು, ಒಂದು ಸೆಮಿಸ್ಟರ್ ರಜೆ ಧಾರಾಳವಾಗಿ ಸಾಕು. ಹೀಗೆ ಎಚ್ಚರಿಕೆ ಕೊಡೋ ಬುದ್ಧಿ ನಮಗೆ ಬಂದದ್ದು ತಡವಾಗಿ. ಹೇಗೆ ಬಂತು ಅಂತ ಹೇಳೋಕೇ ಇದನ್ನ ಬರೀತಿದ್ದೀವಿ.

ಕಳೆದ ಸೆಮಿಸ್ಟರಿನ ಮಾತು. ಮೊದಲ ಇಂಟರ್ನಲ್ಸ್ ಮುಗಿದ ಶುಕ್ರವಾರ ರಾತ್ರಿ, ಹಾಸ್ಟೆಲ್ ರೂಮಿನಲ್ಲಿ ಆರು ಜನ. ಕುರ್ಚಿ ಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪು. ಐದು ಜನ ಹಳಬರು, ಎರಡು ಮೂರು ಸಲ ಪೂರ್ತಿ ನೋಡಿ ಅರಗಿಸಿಕೊಂಡವರು. ಆರನೆಯವನು ಹಾಸನದ ಕಡೆಯ ಹುಡುಗ, ಸಿವಿಲ್ ಬ್ರಾಂಚು, ಅವನಿಗೆ ಇದು ಮೊದಲನೇ ಸಲ. ಅವನಿಗೋಸ್ಕರಾನೇ ಮತ್ತೆ ಮೊದಲಿಂದ ಹಾಕಿದ್ವಿ. ಹೊಸಬನೊಬ್ಬ ಕಥೆಯೊಳಗೆ ಬೀಳೋದನ್ನ ಪಕ್ಕದಲ್ಲಿ ಕೂತು ನೋಡೋದು ಎಂಥ ಖುಷಿ ಅಂತ ಫ್ಯಾನ್ ಆದವರಿಗೆಲ್ಲ ಗೊತ್ತು.

ಮೊದಲನೇ ಸೀಸನ್ನಿನ ಒಂಬತ್ತನೇ ಎಪಿಸೋಡು. ನೆಡ್ ಸ್ಟಾರ್ಕ್‌ನ ಜನರ ಮುಂದೆ ಎಳೆದುಕೊಂಡು ಬಂದಿದ್ದಾರೆ. ಮಗಳು ಆರ್ಯ ವಿಗ್ರಹದ ಬುಡದಲ್ಲಿ ಕೂತು ನೋಡ್ತಿದ್ದಾಳೆ. ಮಾಡದ ತಪ್ಪು ಒಪ್ಪಿಕೊಂಡರೆ ಪ್ರಾಣ ಉಳಿಯುತ್ತೆ ಅಂತ ಮಾತಾಗಿದೆ, ಅವನು ಒಪ್ಪಿಕೊಂಡೂ ಆಗಿದೆ. ನಮ್ಮ ಸಿವಿಲ್ ಗೆಳೆಯ ಮಂಚದ ತುದಿಗೆ ಬಂದು, ಕೈಲಿದ್ದ ಕುರುಕಲು ಮರೆತು ಕೂತಿದ್ದಾನೆ. ಹುಡುಗ ರಾಜ ಇನ್ನೇನು ಬಾಯಿ ತೆರೀಬೇಕು, ಆಗ ನಮ್ಮಲ್ಲೊಬ್ಬ ಸ್ಪೇಸ್ ಬಾರ್ ಒತ್ತಿಬಿಟ್ಟ.

"ಮಗಾ, ಈಗೊಂದು ಕತ್ತಿ ಬರುತ್ತೆ, ಗಮನಿಸು. ಅದು ನೆಡ್‌ದೇ ಕತ್ತಿ. 'ಐಸ್' ಅಂತ ಹೆಸರು. ಮೊದಲನೇ ಎಪಿಸೋಡಲ್ಲಿ ಅವನು ಅದ್ರಲ್ಲೇ ಒಬ್ಬನ ತಲೆ ತೆಗೆದಿದ್ದ, ನೆನಪಿದ್ಯಾ?"

"ನಿಲ್ಲಿಸ್ಬೇಡ್ರೋ, ಮುಂದಕ್ಕೆ ಹೋಗ್ಲಿ" ಅಂದ ಅವನು. ಅವತ್ತು ಅವನು ಹಾಗಂದಿದ್ದು ನಾಲ್ಕನೇ ಸಲವೋ ಐದನೇ ಸಲವೋ. ಮತ್ತೆ ಶುರುವಾಯ್ತು. ಕತ್ತಿ ಬಂತು. ತಲೆ ಹೋಯ್ತು. ಆದ್ರೆ ಆ ಏಟು ಅವನಿಗೆ ತಾಗಲೇ ಇಲ್ಲ. ಮುಖ್ಯಪಾತ್ರ ಅಂದ್ಕೊಂಡವನ ತಲೆ ಸೀಸನ್ ಮುಗಿಯೋಕೆ ಇನ್ನೂ ಒಂದು ಎಪಿಸೋಡು ಉಳಿದಿರುವಾಗಲೇ ಉರುಳುತ್ತಲ್ಲ, 2011ರಲ್ಲಿ ಪುಸ್ತಕ ಓದದೆ ನೋಡಿದವರೆಲ್ಲ ಬೆಚ್ಚಿಬಿದ್ದಿದ್ದರಲ್ಲ, ಆ ಗಳಿಗೆ ಅವನ ಪಾಲಿಗೆ ಒಂದು ಕತ್ತಿಯ ಮೇಲಿನ ಟಿಪ್ಪಣಿಯಾಗಿ ಮುಗಿದುಹೋಯ್ತು. ನಾವು ಹೇಳಿದ ವಿಷಯ ನೂರಕ್ಕೆ ನೂರು ಸರಿ. ಕತ್ತಿ ಅವನದ್ದೇ. ಅದೊಂದು ಅದ್ಭುತವಾದ ಸೂಕ್ಷ್ಮವೂ ಹೌದು. ಅದೇ ನಮಗೆ ಹೆಚ್ಚು ಚುಚ್ಚೋದು.

ಮಾರನೇ ದಿನ ಅವನು ಬರಲಿಲ್ಲ. ಲ್ಯಾಬ್ ರೆಕಾರ್ಡ್ ಬರೀಬೇಕು ಅಂದ. ಅದರ ಮಾರನೇ ದಿನವೂ ರೆಕಾರ್ಡೇ. ಆಮೇಲೆ ನಾವೂ ಕರೆಯೋದು ಬಿಟ್ವಿ.

ಇದನ್ನ ಓದಿ, ಓಹೋ, ಇವರೀಗ ವಿಶ್ಲೇಷಣೆ ಮಾಡೋದೇ ತಪ್ಪು, ಸುಮ್ನೆ ಬಾಯಿ ಮುಚ್ಕೊಂಡು ನೋಡಿ ಅಂತ ಉಪದೇಶ ಮಾಡ್ತಾರೆ ಅಂದ್ಕೋಬೇಡಿ. ಹಾಗೆ ಹೇಳೋ ಯೋಗ್ಯತೆ ನಮಗಿಲ್ಲ. ಎರಡನೇ ವರ್ಷದಲ್ಲಿ ಮೆಸ್ಸಿನ ಟೇಬಲ್ ಮೇಲೆ ಟಿಶ್ಯೂ ಪೇಪರಿನಲ್ಲಿ ಉತ್ತರದ ಆ ದೊಡ್ಡ ಗೋಡೆಯ ಲೆಕ್ಕ ಹಾಕಿದವರು ನಾವೇ.

ಪುಸ್ತಕದ ಪ್ರಕಾರ ಗೋಡೆ 300 ಮೈಲಿ ಉದ್ದ, 700 ಅಡಿ ಎತ್ತರ, ಪೂರ್ತಿ ಮಂಜುಗಡ್ಡೆ. ನಮ್ಮ ಲೆಕ್ಕಕ್ಕೆ ತಂದರೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಯ ತನಕ ಉದ್ದ, ಜೋಗದ ಎತ್ತರಕ್ಕಿಂತ ಒಂದು 40 ಮೀಟರ್ ಕಮ್ಮಿ. 700 ಅಡಿ ಅಂದ್ರೆ 213 ಮೀಟರ್. ಬುಡದಲ್ಲಿ ನಿಂತು ಮೇಲಿರೋ ಕಾವಲುಗಾರನಿಗೆ ಬಾಣ ಬಿಡಬೇಕು ಅಂದ್ರೆ, ಗಾಳಿಯ ತಡೆ ಇಲ್ಲವೇ ಇಲ್ಲ ಅಂತ ಇಟ್ಕೊಂಡರೂ, ಬಿಲ್ಲಿನಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 65 ಮೀಟರ್ ವೇಗ ಬೇಕು. ಎರಡು ಜಿ ಎಚ್‌ನ ವರ್ಗಮೂಲ, ಪಿಯುಸಿ ಲೆಕ್ಕ. ಗಂಟೆಗೆ 230 ಕಿಲೋಮೀಟರಿನ ಮೇಲಾಯ್ತು. ಅಷ್ಟೂ ಖರ್ಚಾಗಿ ತುದಿ ಮುಟ್ಟುವಾಗ ಬಾಣದ ವೇಗ ಸೊನ್ನೆ. ಕಾವಲುಗಾರ ಅದನ್ನ ಕೈಯಲ್ಲಿ ಹಿಡಿದು ಥ್ಯಾಂಕ್ಸ್ ಅನ್ನಬಹುದು. ಗಾಳಿ ಸೇರಿಸಿದರೆ ಮೇಲೆ ಬರೋದೇ ಅನುಮಾನ. ಕಾಡುಜನರ ಕಡೆಯ ದೈತ್ಯ ಬಿಟ್ಟ ಬಾಣಕ್ಕೆ ಮಾತ್ರ ರಿಯಾಯಿತಿ ಕೊಟ್ವಿ.

ಆಮೇಲೆ ಮೆಟೀರಿಯಲ್ ಸೈನ್ಸ್ ಗೆಳೆಯರು ಕೂತರು. 213 ಮೀಟರ್ ಮಂಜುಗಡ್ಡೆಯ ಬುಡದಲ್ಲಿ ಒತ್ತಡ ಸುಮಾರು 1.9 ಮೆಗಾ ಪಾಸ್ಕಲ್. ಅಷ್ಟಕ್ಕೆ ತಕ್ಷಣ ಪುಡಿಯಾಗಲ್ಲ, ಆದ್ರೆ ಮಂಜುಗಡ್ಡೆಗೆ ಕ್ರೀಪ್ ಇದೆಯಲ್ಲ! ಹಿಮನದಿಗಳು ಹರಿಯೋದೇ ತಮ್ಮ ಭಾರಕ್ಕೆ ತಾವೇ ನಿಧಾನವಾಗಿ ಜಾರಿ ಜಾರಿ. ಸಾವಿರಾರು ವರ್ಷ ನಿಂತ ಗೋಡೆ ಅಂತಾರೆ ಕಥೆಯಲ್ಲಿ, ಅಷ್ಟೊತ್ತಿಗೆ ಅದು ಬುಡ ಅಗಲಿಸಿಕೊಂಡು ಇಡ್ಲಿ ಹಿಟ್ಟಿನ ಥರ ಹರಡಿರಬೇಕಿತ್ತು. ಸಪ್ಲೈಯರ್ ಬಂದು ತಟ್ಟೆ ಎತ್ತಿ ಅಂತ ಬೈಯೋವರೆಗೂ ನಡೀತು ಆ ಚರ್ಚೆ. ಕ್ರೀಪ್ ಅನ್ನೋ ಪಾಠ ನಮಗೆ ಅರ್ಥವಾದದ್ದು ಕ್ಲಾಸಿನಲ್ಲಲ್ಲ, ಅವತ್ತೇ.

ತಮಾಷೆ ಏನಂದ್ರೆ, ಬರೆದವರಿಗೇ ಈ ಎತ್ತರದ ಬಗ್ಗೆ ಆಮೇಲೆ ಅನುಮಾನ ಬಂದಿತ್ತು. ಗೋಡೆಯ ದೃಶ್ಯಗಳಿಗೆ ಬಳಸಿದ ಉತ್ತರ ಐರ್ಲೆಂಡಿನ ಕಲ್ಲು ಕ್ವಾರಿಯನ್ನ ಜಾರ್ಜ್ ಆರ್. ಆರ್. ಮಾರ್ಟಿನ್ ನೋಡೋಕೆ ಹೋದಾಗ, ಸುಮಾರು 400 ಅಡಿಯ ಆ ಬಂಡೆಯನ್ನೇ ತಲೆ ಎತ್ತಿ ನೋಡಿ, ತಾನು ಬರೆದ 700 ಅಡಿ ಅತಿಯಾಯ್ತು ಅಂತ ಅನ್ನಿಸಿತಂತೆ. ಹಾಗಂತ ಗೋಡೆ ಕುಸಿಯಿತೇ? ಇಲ್ಲ. ಜಾನ್ ಸ್ನೋ ಮೊದಲ ಸಲ ಆ ಲಿಫ್ಟಿನಲ್ಲಿ ಮೇಲಕ್ಕೆ ಹೋಗಿ ಆ ಕಡೆಯ ಬಿಳೀ ಕಾಡನ್ನ ನೋಡುವಾಗ ನಮಗೆ ಈಗಲೂ ಮೈ ಜುಂ ಅನ್ನುತ್ತೆ, ಒತ್ತಡ ಎಷ್ಟು ಮೆಗಾ ಪಾಸ್ಕಲ್ ಅಂತ ಗೊತ್ತಿದ್ದೂ. ಗೋಡೆಯೊಳಗೆ ಮಂತ್ರ ಬೆರೆಸಿದ್ದಾರೆ ಅಂತ ಕಥೆಯೇ ಹೇಳುತ್ತೆ. ನಮ್ಮ ಲೆಕ್ಕ ಕಥೆಯನ್ನ ಮುಟ್ಟಲೇ ಇಲ್ಲ, ಪಕ್ಕದಲ್ಲಿ ಆಡ್ಕೊಂಡಿತ್ತು ಅಷ್ಟೇ.

ಇನ್ನು ಕೆಲವು ವಿಶ್ಲೇಷಣೆ ಕಥೆಯ ಒಳಕ್ಕೇ ಕರ್ಕೊಂಡು ಹೋಗುತ್ತೆ. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಜಾನ್ ಸ್ನೋ ನೆಡ್‌ನ ಮಗನಲ್ಲ, ನೆಡ್‌ನ ತಂಗಿ ಲಿಯಾನಾ ಮತ್ತು ರೇಗಾರ್ ಟಾರ್ಗೇರಿಯನ್‌ನ ಮಗ ಅನ್ನೋ ಊಹೆಯನ್ನ ಓದುಗರು ಮರುವರ್ಷದಿಂದಲೇ ಆಡ್ಕೊಳ್ತಿದ್ರು. ತೆರೆ ಮೇಲೆ ಅದು ಖಚಿತವಾದದ್ದು 2016ರಲ್ಲಿ, ಆರನೇ ಸೀಸನ್ನಿನ ಕೊನೆಗೆ. ಸೀರೀಸ್ ಮಾಡ್ತೀವಿ ಅಂತ ಬಂದ ಬೆನಿಯಾಫ್ ಮತ್ತು ವೈಸ್ ಅವರನ್ನ ಮಾರ್ಟಿನ್ ಕೇಳಿದ್ದೂ ಇದೇ ಪ್ರಶ್ನೆ: ಜಾನ್‌ನ ತಾಯಿ ಯಾರು? ಅಂದ್ರೆ ಆ ಕಥೆ ಸೂಕ್ಷ್ಮವಾಗಿ ಓದೋರನ್ನೇ ಕಾಯ್ತಿತ್ತು. ಸಾಯೋ ಮುಂಚೆ ಲಿಯಾನಾ ಅಣ್ಣನ ಹತ್ರ ಏನೋ ಮಾತು ತಗೊಂಡಳು ಅನ್ನೋದು ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತೆ, ಏನು ಮಾತು ಅನ್ನೋದು ಮಾತ್ರ ಬಾಯಿಬಿಡಲ್ಲ. ಸೀರೀಸಿನ ಎರಡನೇ ಎಪಿಸೋಡಲ್ಲಿ ನೆಡ್ ಜಾನ್‌ಗೆ ವಿದಾಯ ಹೇಳುವಾಗ ಎಷ್ಟು ಎಚ್ಚರಿಕೆಯಿಂದ ಮಾತಾಡ್ತಾನೆ ನೋಡಿ. ನಿನ್ನಲ್ಲಿರೋದು ನನ್ನ ರಕ್ತ ಅಂತಾನೆ, ಮಗನೇ ಅನ್ನಲ್ಲ. ಮೊದಲ ಸಲ ನೋಡಿದಾಗ ಅದೊಂದು ಸಾಮಾನ್ಯ ಬೀಳ್ಕೊಡುಗೆ. ಎರಡನೇ ಸಲ ನೋಡಿದಾಗ, ಸುಳ್ಳು ಹೇಳದ ಮನುಷ್ಯ ಜೀವನಪೂರ್ತಿ ಒಂದೇ ಒಂದು ಸುಳ್ಳನ್ನ ಹೊತ್ತುಕೊಂಡು, ಹೆಂಡತಿಯ ಕಣ್ಣಲ್ಲೂ ಸಣ್ಣವನಾಗಿ ಬದುಕಿದ್ದು ಕಾಣುತ್ತೆ. ಇದನ್ನ ಹುಡುಕಿಕೊಟ್ಟ ಆ ಹಳೇ ಓದುಗರಿಗೆ ನಾವು ಋಣಿ.

ಗಮನಿಸಿ, ಎರಡನೇ ಸಲ.

ಈ ಮೊದಲ ಸಲ, ಎರಡನೇ ಸಲದ ವಿಷಯವನ್ನ ನಮಗೆ ಸರಿಯಾಗಿ ಹೇಳಿದವನು ಪುತ್ತೂರು ಕಡೆಯ ಗೆಳೆಯ. ಅವನ ಅಜ್ಜನಿಗೆ ತಾಳಮದ್ದಳೆಯ ಹುಚ್ಚು, ಇವನೂ ಚಿಕ್ಕಂದಿನಲ್ಲಿ ಅಜ್ಜನ ಜೊತೆ ರಾತ್ರಿಯೆಲ್ಲ ಕೂತು ಕೇಳಿದವನು. "ನಿಮ್ಮ ಫ್ಯಾನ್ ಥಿಯರಿ ಎಲ್ಲ ನಮ್ಮ ಊರಲ್ಲಿ ಯಾವಾಗಿನಿಂದ್ಲೋ ಉಂಟು ಮಾರಾಯ" ಅಂತಾನೆ. ನಿಜವೇ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತುಕೊಂಡು ವಾದ ಮಾಡ್ತಾರೆ. ಬಾಣ ತಿಂದು ಬಿದ್ದ ವಾಲಿ ರಾಮನನ್ನ ಕೇಳ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾವ ಧರ್ಮ ಇದು? ರಾಮ ಉತ್ತರ ಕೊಡ್ತಾನೆ, ಅದಕ್ಕೆ ವಾಲಿ ಮತ್ತೆ ಪ್ರಶ್ನೆ ಹಾಕ್ತಾನೆ. ಕೇಳೋರಿಗೆಲ್ಲ ಕಥೆ ಗೊತ್ತು, ಕೊನೆ ಗೊತ್ತು, ಆದರೂ ತುದಿಗಾಲಲ್ಲಿ ಕೂತಿರ್ತಾರೆ. ಇದಕ್ಕಿಂತ ಸೂಕ್ಷ್ಮದ ವಿಶ್ಲೇಷಣೆ ಎಲ್ಲಿದೆ? "ಆದ್ರೆ ಒಂದು ನೋಡು" ಅಂದ ಅವನು, "ಭಾಗವತರು ಪದ ಹೇಳುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಪದ ಮುಗಿದ ಮೇಲೆಯೇ ಅರ್ಥ." ನಾವು ಸುಮ್ನಾದ್ವಿ. ಸ್ಪೇಸ್ ಬಾರ್ ಒತ್ತಿದವನಂತೂ ಎದ್ದು ನೀರು ಕುಡಿಯೋಕೆ ಹೋದ.

ನಮ್ಮ ರೋಗ ಅಲ್ಲಿಗೇ ನಿಲ್ಲಲ್ಲ, ಇನ್ನೂ ಒಂದು ಹಂತ ಇದೆ. ಎಲ್ಲದರಲ್ಲೂ ಸುಳಿವು ಇದೆ ಅನ್ನೋ ನಂಬಿಕೆ. ಪುಸ್ತಕದಲ್ಲಿ ರಾಬ್ ಸ್ಟಾರ್ಕ್ ಮದುವೆಯಾಗೋದು ಜೇನ್ ವೆಸ್ಟರ್ಲಿಂಗ್ ಅನ್ನೋ ಹುಡುಗಿಯನ್ನ. ಮೂರನೇ ಪುಸ್ತಕದಲ್ಲಿ ಅವಳ ಸೊಂಟ ಮಕ್ಕಳ ಹೆರೋಕೆ ಒಳ್ಳೇದಿದೆ ಅಂತ ಅವಳ ಅತ್ತೆಗೆ ಅನ್ನಿಸುತ್ತೆ. ನಾಲ್ಕನೇ ಪುಸ್ತಕದಲ್ಲಿ ಜೇಮಿ ನೋಡಿದಾಗ ಸೊಂಟ ಸಣ್ಣ. ಅಷ್ಟೇ ಸಾಕಾಯ್ತು! ಇವಳು ಅವಳಲ್ಲ, ಯಾರೋ ಬದಲಿ ಹುಡುಗಿ, ನಿಜವಾದ ಜೇನ್ ಹೊಟ್ಟೆಯಲ್ಲಿ ಉತ್ತರದ ವಾರಸುದಾರನನ್ನ ಇಟ್ಕೊಂಡು ತಪ್ಪಿಸಿಕೊಂಡಿದ್ದಾಳೆ ಅಂತ ವರ್ಷಗಟ್ಟಲೆ ಥಿಯರಿ ಕಟ್ಟಿದರು. ಕೊನೆಗೆ ಮಾರ್ಟಿನ್ ಹೇಳಿದ್ದು: ಅದು ನನ್ನ ತಪ್ಪು, ಅಷ್ಟೇ. ಅವರ ಪುಸ್ತಕಗಳಲ್ಲಿ ಪಾತ್ರಗಳ ಕಣ್ಣಿನ ಬಣ್ಣ ಬದಲಾಗಿದ್ದುಂಟು, ಒಂದು ಕುದುರೆಯ ಲಿಂಗವೇ ಬದಲಾಗಿದ್ದೂ ಉಂಟು. ಸಾವಿರಾರು ಪುಟ ಬರೆಯೋ ಮನುಷ್ಯ, ಮರೀತಾನೆ. ನಾವು ಮಾತ್ರ ಮರೆವನ್ನೂ ಗುಟ್ಟು ಅಂದ್ಕೊಳ್ತೀವಿ. ಹ್ಯಾರಿ ಪಾಟರ್ ನಾಲ್ಕನೇ ಭಾಗದ ಮೊದಲ ಮುದ್ರಣಗಳಲ್ಲಿ ಮಂತ್ರದಂಡದಿಂದ ಹೊರಬರೋ ನೆರಳುಗಳಲ್ಲಿ ಹ್ಯಾರಿಯ ಅಪ್ಪ ಅಮ್ಮನ ಕ್ರಮ ಅದಲುಬದಲಾಗಿತ್ತು. ಆಮೇಲಿನ ಮುದ್ರಣದಲ್ಲಿ ಸರಿ ಮಾಡಿದರು. ನಡುವೆ ಎಷ್ಟು ಜನ ಅದಕ್ಕೆ ಎಷ್ಟು ದೊಡ್ಡ ದೊಡ್ಡ ಕಾರಣ ಕಟ್ಟಿದ್ದಿರಬಹುದು, ಯೋಚನೆ ಮಾಡಿ.

ಬರೆಯೋರೇ ವಿವರಗಳ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ ಅಂತ ಇದರ ಅರ್ಥ ಅಲ್ಲ. ಟೋಲ್ಕಿನ್‌ಗಂತೂ ಚಂದ್ರನೇ ಸಮಸ್ಯೆಯಾಗಿದ್ದ. 'ಲಾರ್ಡ್ ಆಫ್ ದ ರಿಂಗ್ಸ್' ಬರೀತಾ ಇದ್ದಾಗ, ಒಂದೇ ರಾತ್ರಿ ಒಂದು ಕಡೆ ಚಂದ್ರ ಮೂಡ್ತಿದ್ದಾನೆ, ಇನ್ನೊಂದು ಕಡೆ ಮುಳುಗ್ತಿದ್ದಾನೆ ಅಂತ ಗೊತ್ತಾಗಿ, ಕೂತು ಅಧ್ಯಾಯಗಳನ್ನೇ ತಿದ್ದಿದರು. 1937ರ 'ಹಾಬಿಟ್' ಪುಸ್ತಕದಲ್ಲಿ ಗಾಲಮ್ ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರ ಕೊಡೋಕೆ ತಾನೇ ಒಪ್ಪಿದ್ದ. ಮುಂದೆ ಆ ಉಂಗುರ ಅಷ್ಟು ಭಯಂಕರವಾದದ್ದು ಅಂತಾದ ಮೇಲೆ ಅದು ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಅಧ್ಯಾಯ ಬದಲಾಯ್ತು. ಹಾಗಾದ್ರೆ ಮೊದಲಿನದು? ಅದು ಬಿಲ್ಬೋ ಹೇಳಿದ್ದ ಸುಳ್ಳು! ಉಂಗುರ ಅವನ ಮನಸ್ಸನ್ನ ಆಗಲೇ ಕೆಡಿಸೋಕೆ ಶುರು ಮಾಡಿತ್ತು. ತಪ್ಪನ್ನೇ ಕಥೆ ಮಾಡಿಬಿಟ್ಟ ಪುಣ್ಯಾತ್ಮ. ನಮ್ಮ ಕೋಡ್‌ನಲ್ಲಿ ಬಗ್ ಬಂದಾಗ ಅದು ಫೀಚರ್ ಅಂತ ವೈವಾದಲ್ಲಿ ಹೇಳಿ ಬೈಸ್ಕೊಂಡವರಿಗೆ ಈ ಕಲೆಯ ಬೆಲೆ ಗೊತ್ತು.

ಈಗ ಕಾಫಿ ಲೋಟದ ವಿಷಯಕ್ಕೆ ಬರೋಣ. ನಮ್ಮ ವಾದವೆಲ್ಲ ನಿಂತಿರೋದು ಅದರ ಮೇಲೆ.

2019ರ ಮೇ ತಿಂಗಳು, ಎಂಟನೇ ಸೀಸನ್ನಿನ ನಾಲ್ಕನೇ ಎಪಿಸೋಡು. ಸತ್ತವರ ಸೈನ್ಯವನ್ನ ಗೆದ್ದು ವಿಂಟರ್‌ಫೆಲ್‌ನಲ್ಲಿ ಊಟ ನಡೀತಿದೆ. ಡೇನೆರಿಸ್ ಮುಂದಿನ ಮೇಜಿನ ಮೇಲೆ ಶೂಟಿಂಗಿನವರು ಮರೆತ ಒಂದು ಪೇಪರ್ ಕಾಫಿ ಲೋಟ. ಇಡೀ ಪ್ರಪಂಚ ನಕ್ಕಿತು. ಮೀಮ್ ಮೇಲೆ ಮೀಮ್. ಒಂದೆರಡು ದಿನದಲ್ಲಿ ಎಚ್‌ಬಿಒ ಆ ಲೋಟವನ್ನ ಕಂಪ್ಯೂಟರಿನಲ್ಲಿ ಅಳಿಸಿತು. ಲೋಟದ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ, ಸೀರೀಸ್ ನೋಡದವರಿಗೂ ಗೊತ್ತು. ಸರಿ, ಆ ದೃಶ್ಯದಲ್ಲಿ ಏನು ನಡೀತಿತ್ತು, ಹೇಳಿ ನೋಡೋಣ.

ನಮ್ಮ ರೂಮಿನಲ್ಲಿ ಈ ಪ್ರಶ್ನೆ ಬಂದಾಗ ಐದು ಜನ ಪಂಡಿತರಲ್ಲಿ ಒಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಮತ್ತೆ ಹಾಕಿ ನೋಡಿದ್ವಿ. ಟಾರ್ಮಂಡ್ ಕುಡಿದು ಜಾನ್‌ನ ಹೊಗಳ್ತಿದ್ದಾನೆ. ಡ್ರ್ಯಾಗನ್ ಮೇಲೆ ಕೂತು ಯುದ್ಧ ಮಾಡಿದವನು, ಎಂಥಾ ಗಂಡಸು ಅಂತ. ಸುತ್ತ ಎಲ್ಲರೂ ನಗ್ತಿದ್ದಾರೆ, ಕೂಗ್ತಿದ್ದಾರೆ. ಆ ಡ್ರ್ಯಾಗನ್‌ಗಳನ್ನ ಮಕ್ಕಳ ಥರ ಸಾಕಿದವಳು, ಅವುಗಳ ಮೇಲೆ ಕೂತು ಮೊದಲಿಂದ ಯುದ್ಧ ಮಾಡಿಕೊಂಡು ಬಂದವಳು, ಈ ಉತ್ತರದವರಿಗೋಸ್ಕರ ಅರ್ಧ ಸೈನ್ಯ ಕಳಕೊಂಡವಳು ಅಲ್ಲೇ ಕೂತಿದ್ದಾಳೆ. ಅವಳ ಹೆಸರು ಯಾರೂ ಎತ್ತಲ್ಲ. ಮುಖದ ಮೇಲೆ ಒಂದು ನಗು ಇಟ್ಕೊಳ್ಳೋಕೆ ನೋಡ್ತಾಳೆ, ನಿಲ್ಲಲ್ಲ. ಹಬ್ಬದ ಮನೆಯಲ್ಲಿ ಒಂಟಿಯಾಗಿ ಕೂತ ಹೆಣ್ಣಿನ ಮುಖ ಅದು. ಅವಳು ಮುಂದಿನ ಎಪಿಸೋಡಲ್ಲಿ ಊರಿಗೆ ಊರನ್ನೇ ಸುಡ್ತಾಳೆ, ಯಾಕೆ ಹೀಗಾದಳು, ಕಾರಣವೇ ತೋರಿಸಲಿಲ್ಲ ಅಂತ ಬೈದವರಲ್ಲಿ ನಾವೂ ಇದ್ವಿ. ಕಾರಣದ ಒಂದು ತುಂಡು ಆ ಮೇಜಿನ ಹಿಂದೆಯೇ ಕೂತಿತ್ತು. ನಾವು ಲೋಟ ನೋಡಿದ್ವಿ.

ಆ ಸೀಸನ್ ಅವಸರದಲ್ಲಿ ಮುಗಿಸಿದರು ಅನ್ನೋ ನಮ್ಮ ದೂರು ಹಾಗೇ ಇದೆ, ಅದನ್ನ ವಾಪಸ್ ತಗೊಳ್ತಿಲ್ಲ. ಎಂಟನೇ ಸೀಸನ್ ಮತ್ತೆ ಮಾಡಿ ಅಂತ 10 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನಿನಲ್ಲಿ ಸಹಿ ಹಾಕಿದ್ದು ಸ್ವಲ್ಪ ಅತಿ ಅನ್ನಿಸಿದರೂ, ಕೋಪ ಅರ್ಥವಾಗುತ್ತೆ. ಏಳನೇ ಸೀಸನ್ನಿನ ಆರನೇ ಎಪಿಸೋಡು ತಗೊಳ್ಳಿ. ಜಾನ್ ಮತ್ತು ಜೊತೆಯವರು ಗೋಡೆಯಾಚೆ ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಕೊಂಡಿದ್ದಾರೆ. ಗೆಂಡ್ರಿ ಗೋಡೆಯ ತನಕ ಓಡಬೇಕು, ಅಲ್ಲಿಂದ ಕಾಗೆ ಡ್ರ್ಯಾಗನ್‌ಸ್ಟೋನ್‌ಗೆ ಹಾರಬೇಕು, ಅಲ್ಲಿಂದ ಡೇನೆರಿಸ್ ಡ್ರ್ಯಾಗನ್ ಹತ್ತಿ ಬರಬೇಕು. ಎಲ್ಲ ಆಗಿಬಿಡುತ್ತೆ, ಇವರು ಇನ್ನೂ ಬದುಕಿದ್ದಾರೆ. ನಿರ್ದೇಶಕ ಅಲನ್ ಟೇಲರ್ ಕೂಡ ಸಮಯದ ವಿಚಾರವನ್ನ ಸ್ವಲ್ಪ ಮಸುಕಾಗಿಟ್ಟಿದ್ದನ್ನ ಸಂದರ್ಶನದಲ್ಲಿ ಒಪ್ಪಿಕೊಂಡರು. ಇದನ್ನ ತಪ್ಪು ಅನ್ನೋರು ಮೊಸರಲ್ಲಿ ಕಲ್ಲು ಹುಡುಕ್ತಿದ್ದಾರೆ ಅಂತ ನಾವು ಒಪ್ಪಲ್ಲ. ಯಾಕಂದ್ರೆ ದೂರ ಅಂದ್ರೆ ದೂರ ಅಂತ ಕಲಿಸಿದ್ದು ಇದೇ ಸೀರೀಸು. ಮೊದಲ ಎಪಿಸೋಡಲ್ಲಿ ರಾಜನ ಪರಿವಾರ ವಿಂಟರ್‌ಫೆಲ್ ತಲುಪೋಕೆ ಒಂದು ತಿಂಗಳು ಹಿಡಿದಿತ್ತು. ಸುದ್ದಿ ತಡವಾಗಿ ಬಂದದ್ದಕ್ಕೆ ಜನ ಸತ್ತರು, ತಾಯಿ ಮಕ್ಕಳು ಒಂದೇ ದಾರಿಯಲ್ಲಿ ಒಬ್ಬರಿಗೊಬ್ಬರು ಸಿಗದೆ ಹೋದರು. ಆ ದೂರವೇ ಆ ಕಥೆಯ ಸಂಕಟ. ಅದನ್ನ ತೆಗೆದುಬಿಟ್ಟರೆ ಕೆರೆಯ ನಡುವೆ ಸಿಕ್ಕಿಕೊಂಡವರ ಪ್ರಾಣದ ಬಗ್ಗೆ ನಮಗೆ ಭಯವೇ ಹುಟ್ಟಲ್ಲ.

ಲೋಟ ಮರೆತದ್ದು ಶೂಟಿಂಗಿನ ತಪ್ಪು, ಕಾಗೆಯ ವೇಗ ಕಥೆಯ ತಪ್ಪು. ನಾವು ಎರಡಕ್ಕೂ ಒಂದೇ ಸಮ ಕೂಗಾಡಿದ್ವಿ, ನಿಜ ಹೇಳಬೇಕಂದ್ರೆ ಲೋಟಕ್ಕೇ ಜಾಸ್ತಿ.

'ಹೌಸ್ ಆಫ್ ದ ಡ್ರ್ಯಾಗನ್' ಬಂದಾಗ ನಮ್ಮ ಪಾಡು ಇನ್ನೂ ಕೆಟ್ಟಿತ್ತು. 2018ರ 'ಫೈರ್ ಅಂಡ್ ಬ್ಲಡ್' ಪುಸ್ತಕ ನಮ್ಮಲ್ಲಿ ಇಬ್ಬರು ಓದಿದ್ರು, ಉಳಿದವರು ಅದರ ಬಗ್ಗೆ ಇರೋ ವಿಡಿಯೋಗಳನ್ನೆಲ್ಲ ನೋಡಿದ್ರು. ಯಾರು ಯಾವಾಗ ಹೇಗೆ ಸಾಯ್ತಾರೆ ಅಂತ ಬಾಯಿಪಾಠ. ವ್ಯಾಲ್ಯುಯೇಷನ್ ಸ್ಕೀಮ್ ಕೈಲಿಟ್ಕೊಂಡು ಪೇಪರ್ ತಿದ್ದೋ ಹಾಗೆ ಕೂತಿದ್ವಿ. ಈ ಪಾಯಿಂಟ್ ಬಂತು, ಎರಡು ಮಾರ್ಕ್ಸು. ಆ ಮಗು ಇಲ್ಲ, ಕಟ್ ಮಾಡು. ಮಗು ಅಂದ್ರೆ ಮೇಲರ್, ಪುಸ್ತಕದಲ್ಲಿದ್ದು ಸೀರೀಸಿನಲ್ಲಿ ಕೈಬಿಟ್ಟ ರಾಜಕುಮಾರ. 2024ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಅವರೇ ತಮ್ಮ ಬ್ಲಾಗಿನಲ್ಲಿ ಅದನ್ನ ಎತ್ತಿ ಬೇಸರ ತೋಡಿಕೊಂಡರು, ಈ ಒಂದು ಪಾತ್ರ ಇಲ್ಲದಿದ್ದರೆ ಮುಂದೆ ಏನೇನು ಕಳಚಿಕೊಳ್ಳುತ್ತೆ ಅಂತ. ಆಮೇಲೆ ಆ ಬರಹ ಅಲ್ಲಿಂದ ಮಾಯವಾಯ್ತು. ಆವತ್ತು ನಮಗೆ ಹಬ್ಬ, ನಾವು ಮೊದಲೇ ಹೇಳಿದ್ವಲ್ಲ ಅಂತ! ಬರೆದವರಿಗೆ ಆ ನೋವು ಹಕ್ಕಿನದ್ದು, ಕಟ್ಟಿದ ಮನೆಯ ಕಂಬ ತೆಗೆದರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ನಮ್ಮದು ನೋವೂ ಅಲ್ಲ. ನಮಗೆ ಬೇಕಿದ್ದದ್ದು ಗೆಲುವು. ಇಡೀ ಎರಡನೇ ಸೀಸನ್ನಿನಲ್ಲಿ ನಮಗೆ ಯಾವ ದೃಶ್ಯ ಇಷ್ಟವಾಯ್ತು ಅಂತ ಈಗ ಕೇಳಿದರೆ ತಡವರಿಸ್ತೀವಿ. ಎಲ್ಲಿ ಪುಸ್ತಕ ಬಿಟ್ಟು ಹೋದರು ಅಂತ ಕೇಳಿ, ಕ್ರಮವಾಗಿ ಹೇಳ್ತೀವಿ.

ಐದನೇ ಪುಸ್ತಕ ಬಂದದ್ದೂ 2011ರಲ್ಲೇ, ಆರನೆಯದಕ್ಕೆ ಓದುಗರು ಕಾಯ್ತಾನೇ ಇದ್ದಾರೆ. ಆ ಖಾಲಿ ಜಾಗದಲ್ಲಿ ಥಿಯರಿ ಬೆಳೆದದ್ದು ಸಹಜ, ಪಾಳು ಬಿದ್ದ ಗದ್ದೆಯಲ್ಲಿ ಕಳೆ ಬೆಳೆದ ಹಾಗೆ. ನಮ್ಮಲ್ಲಿ ಒಬ್ಬನಿಗೆ ಎಲ್ಲ ಥಿಯರಿ ಗೊತ್ತು, ಐದು ಪುಸ್ತಕದಲ್ಲಿ ಒಂದನ್ನೂ ಪೂರ್ತಿ ಓದಿಲ್ಲ. ಹೆಸರು ಹೇಳಲ್ಲ, ಈ ಪತ್ರಿಕೆಯ ಸಂಪಾದಕ ಬಳಗದಲ್ಲೇ ಇದ್ದಾನೆ.

ದಸರಾ ರಜೆ ಮುಗಿಸಿ ಎಲ್ಲ ವಾಪಸ್ ಬಂದ್ವಿ. ಸಿವಿಲ್ ಗೆಳೆಯ ಮೆಸ್ಸಿನಲ್ಲಿ ಎದುರಿಗೆ ಬಂದು ತಟ್ಟೆ ಇಟ್ಟು ಕೂತ. "ಮುಗೀತು" ಅಂದ. ಏನು ಅಂದ್ವಿ. "ಎಲ್ಲಾ. ಎಂಟೂ ಸೀಸನ್." ಊರಲ್ಲಿ ಅಟ್ಟದ ಮೇಲೆ ಮಲ್ಕೊಂಡು, ಮೊಬೈಲಿನಲ್ಲಿ, ಇಯರ್‌ಫೋನ್ ಹಾಕ್ಕೊಂಡು ಒಬ್ಬನೇ ನೋಡಿದನಂತೆ. ಆರನೇ ಸೀಸನ್ನಿನಲ್ಲಿ ಹೋಡರ್ ಬಾಗಿಲು ಹಿಡಿದು ನಿಲ್ತಾನಲ್ಲ, ಅವತ್ತು ಎಷ್ಟು ಹೊತ್ತು ಅತ್ತನೋ ಏನೋ, ಬೆಳಗ್ಗೆ ಅವರಮ್ಮ ಕಣ್ಣು ಯಾಕೋ ಕೆಂಪಗಿದೆ ಅಂತ ಕೇಳಿದ್ರಂತೆ. ಯಾವುದು ಬೆಸ್ಟು ಅಂತ ನಾವು ಕೇಳೇ ಕೇಳ್ತೀವಲ್ಲ. ಅವನು ಹೇಳಿದ್ದು ಎಂಟನೇ ಸೀಸನ್ನಿನ ಎರಡನೇ ಎಪಿಸೋಡು. ನಮ್ಮ ಲೆಕ್ಕದಲ್ಲಿ ಏನೂ ನಡೆಯದ ಎಪಿಸೋಡು ಅದು. ಬರೀ ಮಾತು, ಥಿಯರಿಗೆ ಒಂದು ಸುಳಿವೂ ಸಿಗಲಿಲ್ಲ ಅಂತ ಬಿಟ್ಟುಹಾಕಿದ್ದು.

"ಬೆಳಗಾದ್ರೆ ಸಾಯ್ತೀವಿ ಅಂತ ಎಲ್ರಿಗೂ ಗೊತ್ತು ಕಣ್ರೋ. ಎಲ್ಲ ಬೆಂಕಿ ಮುಂದೆ ಕೂತಿದ್ದಾರೆ, ಯಾರಿಗೂ ನಿದ್ದೆ ಬರ್ತಿಲ್ಲ. ಒಬ್ಬ ಹಾಡ್ತಾನೆ. ಮ್ಯಾಥ್ಸ್ ಎಕ್ಸಾಮ್ ಹಿಂದಿನ ರಾತ್ರಿ ನಮ್ಮ ವಿಂಗ್ ಇರುತ್ತಲ್ಲ, ಹಂಗೇ ಇತ್ತು" ಅಂದ.

ಆ ಶನಿವಾರ ಅದನ್ನೇ ಹಾಕಿದ್ವಿ, ಆರೂ ಜನ. ಲ್ಯಾಪ್‌ಟಾಪು ಅವನ ಪಕ್ಕದಲ್ಲಿ, ಸ್ಪೇಸ್ ಬಾರ್ ಅವನ ಕೈಗೆ ಹತ್ತಿರ. ಯುದ್ಧದ ಹಿಂದಿನ ರಾತ್ರಿ. ಹೆಣ್ಣಾದ್ದರಿಂದ ನೈಟ್ ಆಗೋಕೆ ಆಗದ ಬ್ರಿಯೆನ್, ಬೆಂಕಿ ಮುಂದೆ. ಯಾವ ನೈಟ್ ಬೇಕಾದರೂ ಇನ್ನೊಬ್ಬರನ್ನ ನೈಟ್ ಮಾಡಬಹುದು ಅಂತ ಜೇಮಿ ಎದ್ದು ನಿಲ್ತಾನೆ, ಅವಳನ್ನ ಮಂಡಿಯೂರು ಅಂತಾನೆ. ಅವಳು ಮೊದಲು ನಂಬಲ್ಲ. ನಮ್ಮ ಸ್ಪೇಸ್ ಬಾರ್ ಶೂರ ಒಂದು ಸಲ ಉಸಿರೆಳೆದ, ಬಾಯಿ ತೆರೆದ, ದಿಂಬು ಕಚ್ಚಿಕೊಂಡ. ಅವಳು ಎದ್ದು ನಿಂತಾಗ ಟಾರ್ಮಂಡ್ ಚಪ್ಪಾಳೆ ಹೊಡೀತಾನೆ, ಅವಳ ಮುಖದಲ್ಲಿ ಅಲ್ಲೀವರೆಗೂ ನಾವು ನೋಡದ ಒಂದು ನಗು ಬರುತ್ತೆ. ಮೂರು ಸಲ ನೋಡಿದ್ದ ನಮಗೆ ಆ ನಗು ಅವತ್ತು ಮೊದಲ ಸಲ ಕಂಡಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಎಪಿಸೋಡು ಮುಗಿದು ಹೆಸರುಗಳು ಬರ್ತಿದ್ವು. ಯಾರೋ ಲೈಟ್ ಹಾಕಿದರು. ಒಂದು ನಿಮಿಷ ಎಲ್ಲ ಸುಮ್ನೆ. ಆಮೇಲೆ ಸಿವಿಲ್ ಗೆಳೆಯ ನಮ್ಮ ಕಡೆ ತಿರುಗಿದ.

"ಅಲ್ಲ, ಆವತ್ತು ನೀವು ನಿಲ್ಸಿ ಹೇಳಿದ್ರಲ್ಲ, ನೆಡ್ ಕತ್ತಿ. ನಾಲ್ಕನೇ ಸೀಸನ್ನಲ್ಲಿ ಅದನ್ನ ಕರಗಿಸಿ ಎರಡು ಕತ್ತಿ ಮಾಡ್ತಾರೆ. ಒಂದು ಬ್ರಿಯೆನ್ ಹತ್ರ, ಇನ್ನೊಂದು ಕೊನೆಗೆ ಜೇಮಿ ಹತ್ರ ಬರುತ್ತೆ. ಅಂದ್ರೆ ಆ ರಾತ್ರಿ ನೆಡ್ ಮನೇಲಿ, ನೆಡ್ ಕತ್ತಿಯ ಎರಡು ತುಂಡೂ ಒಂದೇ ಕೋಣೇಲಿದ್ವು, ಅಲ್ವಾ?"

ಸ್ಪೇಸ್ ಬಾರ್ ಶೂರ ದಿಂಬು ಬಿಸಾಕಿ ಎದ್ದು ಕೂತ. ವಾರ್ಡನ್ ಬಂದು ಬಾಗಿಲು ಬಡಿದಾಗ ರಾತ್ರಿ ಮೂರು ಗಂಟೆ.